‘ಅಂತೆ’ ಬಿಟ್ಟುಹೋದ ಪ್ರಬಂಧಗಳು

ವಿಶ್ವವಿದ್ಯಾಲಯ ಸೇರಿದ ಮೊದಲ ವರ್ಷ ನಾನು ಬರೆದ ಒಂದು ಪ್ರಬಂಧ ಈಗಲೂ ನನ್ನ ಹತ್ತಿರ ಇದೆ. ಇಂಗ್ಲಿಷ್ ಕೋರ್ಸಿಗೆ ಬರೆದದ್ದು, ಆರು ಪುಟ. ಅದಕ್ಕಾಗಿ ಮೂರು ಲೇಖನ ಓದಿದ್ದೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ವ್ಯಾಕರಣ ತಪ್ಪಬಾರದು ಅಂತ ಒಂದೊಂದು ವಾಕ್ಯವನ್ನೂ ಬಾಯಿಬಿಟ್ಟು ಓದಿ ನೋಡಿದ್ದೆ. ಪ್ರಬಂಧ ವಾಪಸ್ ಬಂದಾಗ ತಿದ್ದುಪಡಿ ಕಡಿಮೆಯೇ ಇತ್ತು. ಆದರೆ ಎರಡನೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಬರೆದಿತ್ತು: ‘ಇದನ್ನು ಹೇಳುತ್ತಿರುವವರು ಯಾರು?’ ನಾಲ್ಕನೇ ಪುಟದಲ್ಲೂ ಅದೇ ಪ್ರಶ್ನೆ. ಕೊನೆಯ ಪುಟದಲ್ಲಿ ಮತ್ತೊಮ್ಮೆ. ನನಗೆ ಅದರ ಅರ್ಥವೇ ಆಗಲಿಲ್ಲ. ಪ್ರಬಂಧ ನನ್ನದು, ಕೆಳಗೆ ನನ್ನ ಹೆಸರಿದೆ, ಹೇಳುತ್ತಿರುವುದು ನಾನೇ ಅಲ್ವಾ? ಹೋಗಿ ಕೇಳುವ ಧೈರ್ಯ ಬರಲಿಲ್ಲ. ಅಂಕ ನೋಡಿಕೊಂಡು ಮಡಚಿಟ್ಟೆ.

ಈಗ ನಾನು ಅಂಥದ್ದೇ ಕೋರ್ಸಿನಲ್ಲಿ ಪಾಠ ಮಾಡುತ್ತೇನೆ. ಓದುವುದು, ಬರೆಯುವುದು, ಟಿಪ್ಪಣಿ, ಸಾರಾಂಶ, ಉಲ್ಲೇಖ. ಬೇರೆ ಬೇರೆ ವಿಷಯ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಅವರ ಪ್ರಬಂಧಗಳ ಅಂಚಿನಲ್ಲಿ ಅದೇ ಪ್ರಶ್ನೆಯನ್ನು ಬರೆಯುತ್ತೇನೆ. ಅವರ ಮುಖದ ಮೇಲೂ ಅದೇ ಗೊಂದಲ ಕಾಣುತ್ತದೆ. ಈ ಪ್ರಶ್ನೆ ಯಾಕೆ ಇಷ್ಟು ಕಷ್ಟ ಅಂತ ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ಬರವಣಿಗೆಯ ತೊಂದರೆ ಅಂತ ನಾವು ತಿದ್ದುವುದರಲ್ಲಿ ಹೆಚ್ಚಿನದು ಓದಿನ ತೊಂದರೆ ಅಂತ ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದರಲ್ಲೂ ಒಂದೇ ಒಂದು ತೊಂದರೆ. ಓದುವಾಗ ಪುಟದಲ್ಲಿ ಯಾರ ದನಿ ಕೇಳುತ್ತಿದೆ ಎಂಬುದು ಗೊತ್ತಾಗದೆ ಇರುವುದು.

ಮೊದಲ ಪುಟದಲ್ಲಿ ಸಿಕ್ಕ ವಾಕ್ಯ

ಒಂದು ಮಧ್ಯಾಹ್ನದ ತರಗತಿ ಚೆನ್ನಾಗಿ ನೆನಪಿದೆ. ಆ ವಾರದ ಓದಿಗೆ, ಟಿಪ್ಪಣಿಯನ್ನು ಕೈಯಲ್ಲಿ ಬರೆದುಕೊಳ್ಳುವುದು ಒಳ್ಳೆಯದೋ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವುದು ಒಳ್ಳೆಯದೋ ಎಂಬ ಬಗ್ಗೆ ಒಂದು ಲೇಖನ ಕೊಟ್ಟಿದ್ದೆ. ಲೇಖನ ಶುರುವಾಗುವುದು 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ ಪ್ರಕಟಿಸಿದ ಪ್ರಯೋಗದಿಂದ. ಕೈಯಲ್ಲಿ ಬರೆದುಕೊಂಡವರು ವಿಷಯವನ್ನು ಚೆನ್ನಾಗಿ ಗ್ರಹಿಸಿದ್ದರು, ಟೈಪ್ ಮಾಡಿದವರು ಕೇಳಿದ್ದನ್ನು ಹಾಗೇ ಇಳಿಸಿಕೊಂಡಿದ್ದರು ಎಂಬುದು ಅದರ ತಿರುಳು. ಎರಡು ಪುಟ ಆದಮೇಲೆ ಲೇಖನ ದಿಕ್ಕು ಬದಲಿಸುತ್ತದೆ. ಅದೇ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ 2019ರಲ್ಲಿ ಪ್ರಕಟಿಸಿದಾಗ ಫಲಿತಾಂಶ ಅಷ್ಟು ಸ್ಪಷ್ಟವಾಗಿರಲಿಲ್ಲ, ಆದ್ದರಿಂದ ಈ ವಿಷಯದಲ್ಲಿ ತೀರ್ಪು ಕೊಡಲು ಇನ್ನೂ ಸಮಯವಿದೆ ಅನ್ನುತ್ತದೆ. ಲೇಖಕರ ಸ್ವಂತ ಮಾತು ಇರುವುದು ಅಲ್ಲಿ, ಮೂರನೇ ಪುಟದಲ್ಲಿ.

ಒಬ್ಬ ವಿದ್ಯಾರ್ಥಿನಿ ಇದರ ಸಾರಾಂಶ ಬರೆದು ತಂದಳು. ಅಚ್ಚುಕಟ್ಟಾದ ಇಂಗ್ಲಿಷ್. ಮೊದಲ ವಾಕ್ಯ ಹೀಗಿತ್ತು: ಕೈಯಲ್ಲಿ ಟಿಪ್ಪಣಿ ಬರೆದುಕೊಂಡರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ಲೇಖಕರು ಸಾಬೀತು ಮಾಡುತ್ತಾರೆ. ಅಂದರೆ, ಲೇಖಕರು ಯಾವ ಮಾತನ್ನು ಅನುಮಾನಿಸಲು ಹೊರಟಿದ್ದರೋ ಅದನ್ನೇ ಅವರ ಬಾಯಿಗೆ ಹಾಕಿದ್ದಳು. ಲೇಖನ ಓದಿಲ್ಲ ಅನ್ನುವಂತಿರಲಿಲ್ಲ. ಪ್ರತಿ ಪುಟದಲ್ಲೂ ಹಳದಿ ಗೆರೆ ಇತ್ತು, ಕಷ್ಟದ ಪದಗಳ ಮೇಲೆ ಕನ್ನಡದ ಅರ್ಥ ಬರೆದಿತ್ತು. ಒಂದೊಂದು ವಾಕ್ಯವೂ ಅವಳಿಗೆ ಗೊತ್ತಿತ್ತು. ಆದರೆ ಎಲ್ಲ ವಾಕ್ಯಗಳೂ ಅವಳಿಗೆ ಒಂದೇ ದನಿಯಲ್ಲಿ ಕೇಳಿದ್ದವು.

ಇದು ಅವಳೊಬ್ಬಳ ಕತೆಯಲ್ಲ. ಅಮೆರಿಕದಲ್ಲಿ ರೆಬೆಕಾ ಮೂರ್ ಹೋವರ್ಡ್ ಮತ್ತು ಅವರ ಜೊತೆಗಾರರು ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳನ್ನು, ಅವರು ಬಳಸಿದ ಮೂಲಗಳ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದರು. 2010ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ 18 ಪ್ರಬಂಧಗಳಿದ್ದವು. ಒಂದರಲ್ಲೂ ಮೂಲ ಬರಹದ ಸಾರಾಂಶ ಇರಲಿಲ್ಲ. ಎಲ್ಲರೂ ಒಂದು ವಾಕ್ಯವನ್ನೋ ಎರಡು ವಾಕ್ಯವನ್ನೋ ಎತ್ತಿಕೊಂಡು ಕೆಲಸ ಮಾಡಿದ್ದರು. ಮುಂದೆ 16 ಕಾಲೇಜುಗಳ 174 ಪ್ರಬಂಧಗಳನ್ನು ನೋಡಿದಾಗ, ಉಲ್ಲೇಖಗಳಲ್ಲಿ ಅರ್ಧದಷ್ಟಕ್ಕೆ ಹತ್ತಿರ ಮೂಲದ ಮೊದಲ ಪುಟದಿಂದಲೇ ಬಂದಿದ್ದವು.

ಸೋಮಾರಿತನ ಅಂತ ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಮಾತ್ರ ಇನ್ನೊಂದು ವಿಷಯ ಹೊಳೆಯಿತು. ಸಂಶೋಧನಾ ಲೇಖನದ ಮೊದಲ ಪುಟದಲ್ಲಿ ಇರುವುದು ಯಾರ ಮಾತು? ಪೀಠಿಕೆಗಳು ಹೇಗೆ ನಡೆಯುತ್ತವೆ ಎಂಬುದನ್ನು ಜಾನ್ ಸ್ವೇಲ್ಸ್ ಎಂಬ ಭಾಷಾ ಸಂಶೋಧಕರು 1990ರಲ್ಲಿ ಮೂರು ಹೆಜ್ಜೆಗಳಲ್ಲಿ ವಿವರಿಸಿದರು. ಮೊದಲು, ಈ ವಿಷಯದಲ್ಲಿ ಇಲ್ಲಿಯವರೆಗೆ ಯಾರು ಏನು ಹೇಳಿದ್ದಾರೆ ಅಂತ ನೆಲ ಗುರುತಿಸುವುದು. ಆಮೇಲೆ ಅಲ್ಲೊಂದು ಖಾಲಿ ಜಾಗ ತೋರಿಸುವುದು. ಇದನ್ನು ಯಾರೂ ನೋಡಿಲ್ಲ, ಅಥವಾ ಇದರಲ್ಲಿ ಏನೋ ಸರಿಯಿಲ್ಲ ಅಂತ. ಕೊನೆಗೆ ಆ ಜಾಗದಲ್ಲಿ ತಾನು ಹೋಗಿ ನಿಲ್ಲುವುದು. ಅಂದರೆ ಮೊದಲ ಪುಟ ಬಹುಪಾಲು ಬೇರೆಯವರ ಮಾತಿನಿಂದ ತುಂಬಿರುತ್ತದೆ. ಲೇಖಕರು ಮುಂದೆ ಒಪ್ಪದೇ ಹೋಗುವ ಮಾತೂ ಅಲ್ಲೇ ಇರುತ್ತದೆ. ನಮ್ಮ ಮಕ್ಕಳು ವಾಕ್ಯ ಎತ್ತಿಕೊಳ್ಳುವುದೂ ಅಲ್ಲಿಂದಲೇ. ಈ ಎರಡನ್ನೂ ಪಕ್ಕಪಕ್ಕ ಇಟ್ಟ ದಿನ ನನ್ನ ಹಳೆಯ ಪ್ರಬಂಧ ತೆಗೆದು ನೋಡಿದೆ. ಎರಡನೇ ಪುಟದಲ್ಲಿ ಪೆನ್ಸಿಲ್ ಗುರುತು ಇದ್ದ ವಾಕ್ಯ ಒಂದು ಲೇಖನದ ಮೊದಲ ಪುಟದ್ದು. ಆ ಲೇಖನದ ಲೇಖಕರು ಅದನ್ನು ಬರೆದಿದ್ದೇ ಅಲ್ಲಗಳೆಯಲು.

ನಮ್ಮ ಹತ್ತಿರ ಇರುವ ಪದ

ಆ ಮಧ್ಯಾಹ್ನ ನಾನು ಅವಳಿಗೆ ಇಂಗ್ಲಿಷ್‌ನಲ್ಲಿ ಬಹಳ ಹೊತ್ತು ವಿವರಿಸಿದೆ. ಲೇಖಕರ ನಿಲುವು, ವರದಿ ಮಾಡಿದ ನಿಲುವು, ಅದು ಇದು. ತಲೆಯಾಡಿಸಿದಳು. ಅರ್ಥವಾಗಿಲ್ಲ ಅಂತ ಕಣ್ಣಲ್ಲೇ ಕಾಣುತ್ತಿತ್ತು. ಸುಮ್ನೆ ಕೇಳಿದೆ, ‘ಈ ಮೊದಲ ಪ್ಯಾರಾವನ್ನು ನಿನ್ನ ಗೆಳತಿಗೆ ಕನ್ನಡದಲ್ಲಿ ಹೇಳು ನೋಡೋಣ.’ ಅವಳು ಒಂದು ಕ್ಷಣ ಯೋಚಿಸಿ ಹೇಳಿದಳು: ‘ಕೈಯಲ್ಲಿ ಬರೆದುಕೊಂಡ್ರೆ ಚೆನ್ನಾಗಿ ತಲೆಗೆ ಹೋಗುತ್ತಂತೆ.’

ಹೋಗುತ್ತಂತೆ. ಯಾರೂ ಹೇಳಿಕೊಡದೆ ಬಂದ ‘ಅಂತೆ’. ‘ಯಾರು ಹೇಳಿದ್ದಂತೆ?’ ಅಂದೆ. ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದಳು, ‘ಇವರಿಬ್ಬರು.’ ‘ಲೇಖನ ಬರೆದವರು ಏನಂತಾರೆ?’ ಅವಳ ಬೆರಳು ನಿಧಾನವಾಗಿ ಕೆಳಗೆ ಇಳಿಯಿತು. ಮುಂದಿನ ಪುಟಕ್ಕೆ ಹೋಯಿತು. ಅದರ ಮುಂದಿನ ಪುಟಕ್ಕೆ ಹೋಯಿತು. ಅಲ್ಲಿ ನಿಂತಿತು. ‘ಅಯ್ಯೋ, ಇವರು ಹಾಗೆ ಹೇಳ್ತಾನೇ ಇಲ್ಲ,’ ಅಂದಳು.

ಅವತ್ತಿನಿಂದ ನನ್ನ ಪಾಠ ಬದಲಾಯಿತು. ಕನ್ನಡ ಮಾತಾಡುವ ಯಾರೂ ಈ ವಿಷಯದಲ್ಲಿ ಬರಿಗೈಯಲ್ಲಿ ತರಗತಿಗೆ ಬರುವುದಿಲ್ಲ. ಮಳೆ ಬಂತು ಅಂದರೆ ನಾನೇ ನೋಡಿದ್ದು. ಮಳೆ ಬಂತಂತೆ ಅಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ಮಳೆ ಬಂದಿರಬೇಕು ಅಂದರೆ ನೆಲ ಒದ್ದೆಯಾಗಿರುವುದನ್ನು ನೋಡಿ ಊಹಿಸಿದ್ದು. ಬಂದಿರಬಹುದು ಅಂದರೆ ಇನ್ನೂ ಸ್ವಲ್ಪ ದೂರ. ಬಂತೇನೋ ಅಂದರೆ ನನಗೇ ಗೊತ್ತಿಲ್ಲ. ಐದು ವಾಕ್ಯ, ಐದು ಬಗೆಯ ಹೊಣೆ. ಕನ್ನಡ ಮಾತಾಡುವವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಶ್ವವಿದ್ಯಾಲಯದ ಬರವಣಿಗೆ ಕೇಳುವುದು ಇದನ್ನೇ. ಈ ಮಾತು ನಿನಗೆ ಎಲ್ಲಿಂದ ಬಂತು, ಇದನ್ನು ನೀನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೀಯಾ? ಉಲ್ಲೇಖ ಅಂದರೆ ವಿಳಾಸ ಇರುವ ‘ಅಂತೆ’. ವಿಳಾಸ ಇಲ್ಲದಿದ್ದರೆ ಅದು ಅಂತೆಕಂತೆ.

ಇಂಗ್ಲಿಷ್‌ನಲ್ಲಿ ಈ ಕೆಲಸಕ್ಕೆ ಒಂದು ಪ್ರತ್ಯಯ ಇಲ್ಲ. ಅಲ್ಲಿ ಅದು ಚದುರಿಹೋಗಿದೆ. ‘ಅಕಾರ್ಡಿಂಗ್ ಟು’ ಅಂತ ಶುರುವಾಗುವ ವಾಕ್ಯದಲ್ಲಿ ಸ್ವಲ್ಪ, ‘ಮೇ’ ಮತ್ತು ‘ಮೈಟ್’‌ಗಳಲ್ಲಿ ಸ್ವಲ್ಪ, ಕ್ರಿಯಾಪದಗಳಲ್ಲಿ ಬಹಳಷ್ಟು. ‘ಶೋಸ್’ ಅಂತ ಬರೆದರೆ ನಾನು ಆ ಮಾತನ್ನು ಒಪ್ಪಿದ್ದೇನೆ. ‘ಕ್ಲೇಮ್ಸ್’ ಅಂತ ಬರೆದರೆ ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೇನೆ. ‘ಸಜೆಸ್ಟ್ಸ್’ ಅಂದರೆ ಹೇಳಿದವರೇ ಅಳೆದು ಸುರಿದು ಹೇಳಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಈ ಪದಗಳೆಲ್ಲ ‘ಹೇಳುತ್ತಾರೆ’ ಎಂಬುದರ ಬೇರೆ ಬೇರೆ ವೇಷಗಳು. ಒಂದೇ ಪದ ಎರಡು ಸಲ ಬರಬಾರದು ಅಂತ ಅದಲುಬದಲು ಮಾಡುತ್ತಾರೆ. ಹಾಗೆ ಮಾಡಿ ಅಂತ ಶಾಲೆಯಲ್ಲಿ ಹೇಳಿಕೊಟ್ಟವರು ಇದ್ದಾರೆ. ಅದು ತಪ್ಪು ಪಾಠ. ಕ್ರಿಯಾಪದ ಬದಲಾದರೆ ಬರೆಯುವವರು ನಿಂತ ಜಾಗವೇ ಬದಲಾಗುತ್ತದೆ.

(ಕನ್ನಡದಲ್ಲಿ ಬರೆಯುವ ನಾವು ಇದರಲ್ಲಿ ಪಾರಾಗಿದ್ದೇವೆ ಅಂತಲ್ಲ. ಮಾತಿನಲ್ಲಿ ಅಷ್ಟು ಚೊಕ್ಕವಾಗಿ ಹೊಣೆ ಹಂಚುವ ನಾವು ಪ್ರಬಂಧ ಬರೆಯಲು ಕೂತ ಕೂಡಲೇ ‘ಎಂದು ಹೇಳಲಾಗುತ್ತದೆ’, ‘ಎಂದು ಪರಿಗಣಿಸಲಾಗಿದೆ’ ಅಂತ ಶುರು ಮಾಡುತ್ತೇವೆ. ಯಾರು ಹೇಳಿದ್ದು? ಯಾರು ಪರಿಗಣಿಸಿದ್ದು? ಗಂಭೀರವಾಗಿ ಕೇಳಿಸುತ್ತದೆ ಅಂತ ಆ ವಾಕ್ಯಗಳನ್ನು ಇಷ್ಟಪಡುತ್ತೇವೆ. ನನಗೆ ಅವನ್ನು ಕಂಡರೆ ಬೇಸರ.)

ಪದ ಗೊತ್ತಿಲ್ಲ ಅನ್ನುವುದು

ಎಲ್ಲವನ್ನೂ ‘ಅಂತೆ’ಯ ಮೇಲೆ ಹಾಕಲು ಬರುವುದಿಲ್ಲ. ಪದಗಳೇ ಗೊತ್ತಿಲ್ಲದಿದ್ದರೆ ದನಿ ಎಲ್ಲಿಂದ ಕೇಳಬೇಕು? ಹು ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಕತೆಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಗೊತ್ತಿಲ್ಲದ ಪದಗಳನ್ನು ಸೇರಿಸಿ ಓದಲು ಕೊಟ್ಟರು. ನೂರಕ್ಕೆ 80 ಪದ ಗೊತ್ತಿದ್ದಾಗ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಯಾರ ನೆರವೂ ಇಲ್ಲದೆ ಹೆಚ್ಚಿನವರಿಗೆ ಅರ್ಥವಾಗಬೇಕಾದರೆ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಅವರು ಲೆಕ್ಕ ಹಾಕಿದರು. ಅಂದರೆ 50 ಪದಕ್ಕೆ ಒಂದು ಮಾತ್ರ ಹೊಸದು. ನನ್ನ ತರಗತಿಯ ಕೆಲವರು ಒಂದು ಸಾಲಿಗೆ ಎರಡು ಹೊಸ ಪದ ಎದುರಿಸುತ್ತಾ ಓದುತ್ತಾರೆ. ‘ಸಂದರ್ಭ ನೋಡಿ ಅರ್ಥ ಊಹಿಸಿ’ ಅಂತ ಅವರಿಗೆ ಸಲಹೆ ಕೊಡುವುದು ನ್ಯಾಯವಲ್ಲ. ಸಂದರ್ಭವೇ ಅವರಿಗೆ ಕಾಣುತ್ತಿಲ್ಲ.

ಹಾಗಾದರೆ ಯಾವ ಪದ ಮೊದಲು ಕಲಿಯಬೇಕು? ಸಾಮಾನ್ಯವಾಗಿ ವಿದ್ಯಾರ್ಥಿಗಳು ಆಯಾ ವಿಷಯದ ದೊಡ್ಡ ಪದಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಅವು ಹೇಗೂ ವಿಷಯದ ತರಗತಿಯಲ್ಲಿ ಸಿಗುತ್ತವೆ, ವಿವರಣೆಯೂ ಸಿಗುತ್ತದೆ. ಕಾಲಿಗೆ ತೊಡರುವುದು ಬೇರೆ ಗುಂಪು. ಅವೆರಿಲ್ ಕಾಕ್ಸ್‌ಹೆಡ್ 28 ವಿಷಯಗಳ ಸುಮಾರು 35 ಲಕ್ಷ ಪದಗಳ ಬರಹ ಸೇರಿಸಿ, ಎಲ್ಲ ಕ್ಷೇತ್ರಗಳಲ್ಲೂ ಬರುವ 570 ಪದ ಕುಟುಂಬಗಳ (ಒಂದೇ ಪದದಿಂದ ಹುಟ್ಟಿದ ಪದಗಳ ಗುಂಪುಗಳ) ಪಟ್ಟಿಯೊಂದನ್ನು 2000ರಲ್ಲಿ ಕೊಟ್ಟರು. ಅವರು ಸೇರಿಸಿದ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಪದ ಈ ಗುಂಪಿನವು. ಅಸ್ಯೂಮ್, ಎವಿಡೆನ್ಸ್, ಇಂಪ್ಲೈ, ಇಂಟರ್‌ಪ್ರೆಟ್, ನೆವರ್‌ದಲೆಸ್. ಈ ಪದಗಳನ್ನು ನೋಡಿ. ಇವು ಯಾವ ವಸ್ತುವಿನ ಹೆಸರೂ ಅಲ್ಲ. ಯಾರು ಏನನ್ನು ಅಂದುಕೊಂಡರು, ಯಾವುದರಿಂದ ಯಾವುದನ್ನು ಊಹಿಸಿದರು, ಎಲ್ಲಿ ಮಾತು ತಿರುಗಿತು ಅಂತ ಹೇಳುವ ಪದಗಳು. ಇಲ್ಲೂ ಮತ್ತೆ ಅದೇ ದನಿಯ ವಿಷಯ. ‘ನೆವರ್‌ದಲೆಸ್’ ಅಂದರೆ ‘ಹಾಗಿದ್ದರೂ’. ಅದನ್ನು ಹಾರಿಸಿ ಓದಿದವರಿಗೆ ಆ ಲೇಖನ ಎಲ್ಲಿ ತಿರುಗಿತು ಅಂತ ಗೊತ್ತಾಗುವುದೇ ಇಲ್ಲ. ಇಡೀ ಲೇಖನ ಉಲ್ಟಾ ಅರ್ಥವಾಗುತ್ತದೆ.

ಮಾತಿನಲ್ಲಿ ಚುರುಕಾಗಿರುವವರೂ ಇಲ್ಲಿ ಎಡವುತ್ತಾರೆ. ಎರಡನೇ ಭಾಷೆ ಕಲಿಯುವವರಿಗೆ ಮಾತಿನ ಭಾಷೆ ಬೇಗ ಬರುತ್ತದೆ, ಓದುಬರಹದ ಭಾಷೆಗೆ ಹಲವು ವರ್ಷ ಹೆಚ್ಚು ಬೇಕು ಅಂತ ಜಿಮ್ ಕಮಿನ್ಸ್ ಎಂಬ ಶಿಕ್ಷಣ ಸಂಶೋಧಕರು 1979ರಿಂದಲೇ ಹೇಳುತ್ತಾ ಬಂದಿದ್ದಾರೆ. ಎರಡನ್ನೂ ಒಂದೇ ಅಂದುಕೊಂಡು, ಚೆನ್ನಾಗಿ ಮಾತಾಡುವ ಹುಡುಗನಿಗೆ ಬರೆಯಲು ಆಸಕ್ತಿ ಇಲ್ಲ ಅಂತ ತೀರ್ಮಾನಿಸುವ ಮೇಷ್ಟ್ರುಗಳನ್ನು ನೋಡಿದ್ದೇನೆ. ನೋವಾಗುತ್ತದೆ.

ಪುಸ್ತಕ ಮುಚ್ಚಿ ನಾಲ್ಕು ಸಾಲು

ಹಳದಿ ಗೆರೆಗೆ ಬರುತ್ತೇನೆ. ಗೆರೆ ಎಳೆಯುವಾಗ ಓದಿದ ತೃಪ್ತಿ ಸಿಗುತ್ತದೆ. ಆದರೆ ಗೆರೆ ಎಳೆಯಲು ವಾಕ್ಯ ಮುಖ್ಯ ಅಂತ ಅನ್ನಿಸಿದರೆ ಸಾಕು. ಅದು ಯಾರ ವಾಕ್ಯ ಅಂತ ಗೊತ್ತಿರಬೇಕಿಲ್ಲ. ಜಾನ್ ಡನ್‌ಲಾಸ್ಕಿ ಮತ್ತು ಜೊತೆಗಾರರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗ, ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದು ಕಡಿಮೆ ಉಪಯೋಗದ ಸಾಲಿಗೆ ಸೇರಿದವು. ಓದಿದ್ದನ್ನು ನೋಡದೆ ನೆನಪು ಮಾಡಿಕೊಳ್ಳುವುದು ಮೇಲಿನ ಸಾಲಿನಲ್ಲಿತ್ತು. ಅದಕ್ಕೂ ಮೊದಲು, 2006ರಲ್ಲಿ, ರೋಡಿಗರ್ ಮತ್ತು ಕಾರ್ಪಿಕಿ ಒಂದು ಸರಳ ಪ್ರಯೋಗ ಮಾಡಿದ್ದರು. ಒಂದು ಬರಹವನ್ನು ಎರಡು ಸಲ ಓದಿದವರು, ಒಂದು ಸಲ ಓದಿ ಆಮೇಲೆ ನೆನಪಿನಿಂದ ಬರೆದವರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರಿಗೆ ನೂರಕ್ಕೆ 56ರಷ್ಟು ನೆನಪಿತ್ತು, ಎರಡು ಸಲ ಓದಿದವರಿಗೆ 42ರಷ್ಟು.

ನಾನು ಇದನ್ನು ಬಳಸುವುದು ನೆನಪಿಗಾಗಿ ಅಲ್ಲ, ದನಿಗಾಗಿ. ತರಗತಿಯಲ್ಲಿ ಎರಡು ಪುಟ ಓದುತ್ತೇವೆ. ಆಮೇಲೆ ಕಾಗದ ತಿರುವಿ ಹಾಕಬೇಕು. ನೋಡದೆ ನಾಲ್ಕು ಸಾಲು ಬರೆಯಬೇಕು. ಪ್ರತಿ ಸಾಲಿನಲ್ಲೂ ಒಬ್ಬ ಮನುಷ್ಯ ಇರಬೇಕು. ಯಾರೋ ಹೇಳುತ್ತಾರೆ, ಯಾರೋ ಒಪ್ಪುವುದಿಲ್ಲ, ಯಾರೋ ಪ್ರಶ್ನೆ ಕೇಳುತ್ತಾರೆ. ಮೊದಲ ಸಲ ಬಹಳ ಜನ ಒಂದೂವರೆ ಸಾಲಿಗೆ ನಿಲ್ಲುತ್ತಾರೆ. ಆ ನಿಲ್ಲುವ ಜಾಗ ಅಮೂಲ್ಯ. ಯಾಕೆಂದರೆ ಅದಾದಮೇಲೆ ಕಾಗದ ತಿರುಗಿಸಿದಾಗ ಅವರು ಓದುವ ರೀತಿಯೇ ಬೇರೆ. ಈಗ ಅವರು ಏನನ್ನೋ ಹುಡುಕುತ್ತಿದ್ದಾರೆ. ಬೇರೆ ಯಾವ ವಿಧಾನದಿಂದಲೂ ನನ್ನ ತರಗತಿ ಅಷ್ಟು ನಿಶ್ಶಬ್ದವಾಗಿದ್ದಿಲ್ಲ.

ಇನ್ನೊಂದು ಲಾಭವೂ ಇದೆ. ಮೂಲ ಕಣ್ಣೆದುರು ತೆರೆದಿದ್ದರೆ ಕೈ ತಾನಾಗಿಯೇ ಅದರ ವಾಕ್ಯಗಳ ಕಡೆ ಹೋಗುತ್ತದೆ. ಎರಡು ಪದ ಬಿಟ್ಟು, ಮೂರು ಪದಕ್ಕೆ ಸಮಾನಾರ್ಥಕ ಹಾಕಿ, ವಾಕ್ಯದ ಅಸ್ಥಿಪಂಜರ ಹಾಗೇ ಇಟ್ಟು ಬರೆಯುತ್ತಾರೆ. ಹೋವರ್ಡ್ ಇದನ್ನು ಪ್ಯಾಚ್‌ರೈಟಿಂಗ್ ಅಂತ ಕರೆದರು. ತೇಪೆ ಹಾಕಿದ ಬರಹ. ಇದನ್ನು ಕಳ್ಳತನ ಅಂತ ಶಿಕ್ಷಿಸುವ ಬದಲು ಹೊಸ ಭಾಷೆಯೊಳಗೆ ಕಾಲಿಡುವವರು ದಾಟುವ ಒಂದು ಹಂತ ಅಂತ ನೋಡಬೇಕು ಎಂದು ಅವರು ವಾದಿಸಿದರು. ನಾನು ಅವರ ಪಕ್ಷ. ಬೇರೆಯವರ ಪ್ರಬಂಧ ಕೊಂಡು ಹೆಸರು ಹಾಕಿಕೊಳ್ಳುವುದು ಬೇರೆ, ಅರ್ಧ ಅರ್ಥವಾದ ವಾಕ್ಯವನ್ನು ಬಿಡಲಾಗದೆ ಹಿಡಿದುಕೊಳ್ಳುವುದು ಬೇರೆ. ಎರಡನೆಯದರ ಹಿಂದೆ ಹೆದರಿಕೆ ಇದೆ. ಆ ವಾಕ್ಯ ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ. ನನ್ನ ಆರು ಪುಟದ ಪ್ರಬಂಧದ ತುಂಬ ಅದೇ ಇತ್ತು. ಅದಕ್ಕೇ ವ್ಯಾಕರಣದ ತಪ್ಪು ಅಷ್ಟು ಕಡಿಮೆ.

ಈಗ ಸಾರಾಂಶ ಮಾಡಿಕೊಡುವ ಯಂತ್ರಗಳು ಬಂದಿವೆ. ಕಷ್ಟದ ಲೇಖನ ಎದುರಾದಾಗ ಅದರ ನಡಿಗೆ ತಿಳಿಯಲು ಅವು ಉಪಯೋಗಕ್ಕೆ ಬರುತ್ತವೆ. ನಾನು ಬೇಡ ಅನ್ನುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಯಂತ್ರ ಕೊಟ್ಟ ಐದು ಸಾಲಿನಲ್ಲಿ ಪ್ರತಿಯೊಂದೂ ಮೂಲದ ಯಾವ ಪುಟದಲ್ಲಿದೆ, ಅಲ್ಲಿ ಅದನ್ನು ಹೇಳುವವರು ಯಾರು ಅಂತ ಬೆರಳಿಟ್ಟು ತೋರಿಸಿ. ತೋರಿಸಲು ಹೋದವರು ಲೇಖನ ಓದಿಯೇ ಓದುತ್ತಾರೆ.

ಎರಡನೇ ಕರಡು

ಟಿಪ್ಪಣಿಯ ಲೇಖನದ ಹುಡುಗಿ ಮುಂದಿನ ವಾರ ಎರಡನೇ ಕರಡು ತಂದಳು. ಮೊದಲನೆಯದರಲ್ಲಿ ಎರಡು ವ್ಯಾಕರಣ ತಪ್ಪು ಇದ್ದವು. ಇದರಲ್ಲಿ ಒಂಬತ್ತು. ಹಾಗಾಗುತ್ತದೆ. ಎರವಲು ವಾಕ್ಯ ಬಿಟ್ಟು ಸ್ವಂತ ವಾಕ್ಯ ಕಟ್ಟಲು ಹೊರಟರೆ, ಅದರಲ್ಲೂ ಒಬ್ಬರ ಮಾತಿನೊಳಗೆ ಇನ್ನೊಬ್ಬರ ಮಾತು ಕೂರಿಸಲು ಹೊರಟರೆ, ಕ್ರಿಯಾಪದದ ಕಾಲ ತಪ್ಪುತ್ತದೆ, ವಾಕ್ಯ ನಡುವೆ ಮುರಿಯುತ್ತದೆ. ತಪ್ಪು ಎಣಿಸಿ ಅಂಕ ಕೊಡುವ ಕಡೆ ಅವಳಿಗೆ ಮೊದಲಿಗಿಂತ ಕಡಿಮೆ ಅಂಕ ಬರುತ್ತಿತ್ತು. ಅದರ ಬಗ್ಗೆ ನನಗೆ ಸಿಟ್ಟಿದೆ. ಮಕ್ಕಳು ಮುಂದೆ ಹೆಜ್ಜೆ ಇಟ್ಟ ವಾರವೇ ನಾವು ಅವರಿಗೆ ಹಿಂದೆ ಬಿದ್ದಿದ್ದೀರಿ ಅಂತ ಹೇಳುತ್ತೇವೆ.

ಮೊದಲ ಸಾಲಿನಲ್ಲಿ 2014ರ ಇಬ್ಬರು ಸಂಶೋಧಕರು ಇದ್ದರು, ‘ಕ್ಲೇಮ್’ ಎಂಬ ಪದದ ಜೊತೆ. ಎರಡನೇ ಸಾಲಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿದವರು. ಮೂರನೇ ಮತ್ತು ನಾಲ್ಕನೇ ಸಾಲಿನಲ್ಲಿ ಲೇಖನ ಬರೆದವರು. ಐದನೇ ಸಾಲಿಗೆ ಬಂದಾಗ ನಾನು ನಿಧಾನ ಮಾಡಿದೆ. ಅಲ್ಲಿ ಅವಳೇ ಇದ್ದಳು. ಪ್ರಯೋಗದಲ್ಲಿ ಕೇಳಿಸಿದ್ದು ಸಣ್ಣ ಭಾಷಣಗಳು, ತಾನು ಟಿಪ್ಪಣಿ ಬರೆದುಕೊಳ್ಳುವುದು ಇಡೀ ಸೆಮಿಸ್ಟರ್‌ಗೆ, ಎರಡೂ ಒಂದೇ ಇರಲಿಕ್ಕಿಲ್ಲ ಅಂತ ಬರೆದಿದ್ದಳು. ‘ಮೇ ನಾಟ್ ಬಿ’ ಅಂತ ಬರೆಯಬೇಕಾದಲ್ಲಿ ‘ಮೇ ನಾಟ್’ ಅಂತಷ್ಟೇ ಇತ್ತು. ಅದನ್ನು ತಿದ್ದಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ‘ಯಾಕೆ ಹಾಗನ್ನಿಸುತ್ತದೆ? ಇನ್ನೂ ಎರಡು ಸಾಲು ಬರೆ’ ಅಂತ ಬರೆದು ವಾಪಸ್ ಕೊಟ್ಟೆ.